ನಿಸ್ತಂತು ರೂಟರೂ ಆಕ್ಸೆಸ್ ಪಾಯಿಂಟೂ: ತೋಟದ ಮನೆಯವರು ತಿಳಿದಿರತಕ್ಕ ಭೇದ

ಪೇಟೆಯ ಧಾರಣೆ, ಹವಾಮಾನದ ಮುನ್ಸೂಚನೆ, ಸಹಾಯಧನದ ಅರ್ಜಿ ಮೊದಲಾದ ವ್ಯವಹಾರಗಳು ಬಹಳ ಮಟ್ಟಿಗೆ ಅಂತರ್ಜಾಲದ ಮೂಲಕವೇ ನಡೆಯುತ್ತಿರುವುದರಿಂದ, ಊರಿಗೆ ದೂರವಾಗಿ ತೋಟದಲ್ಲಿಯೇ ವಾಸಮಾಡತಕ್ಕ ರೈತರೂ ಈಚೆಗೆ ಅದರ ಸಂಪರ್ಕವನ್ನು ಪಡೆದುಕೊಳ್ಳುತ್ತಿದ್ದಾರೆ. ೨೦೧೪ ರಲ್ಲಿ ನಮ್ಮ ರಾಜ್ಯದ ಏಕೀಕೃತ ಮಾರುಕಟ್ಟೆ ವ್ಯವಸ್ಥೆಯೂ, ೨೦೧೬ ರಲ್ಲಿ ಭಾರತ ಸರ್ಕಾರದ ಇ-ನಾಮ್ ಏರ್ಪಾಡೂ ಪ್ರಾರಂಭವಾದ ತರುವಾಯ, ಹರಾಜಿನ ಧಾರಣೆಯನ್ನು ಮನೆಯಲ್ಲಿ ಕುಳಿತೇ ತಿಳಿಯಬೇಕೆಂಬ ಅಪೇಕ್ಷೆಯು ರೈತರಲ್ಲಿ ಬೆಳೆದಿದೆ. ಕೊಯ್ಲಿನ ಕಾಲದಲ್ಲಿ ಅಂಗಳದಲ್ಲಿ ಹರವಿದ ಅಡಿಕೆಗೆ ಕಾವಲಾಗಿ ಕ್ಯಾಮರಾಗಳನ್ನೂ, ರೇಷ್ಮೆ ಹುಳು ಸಾಕುವ ಮನೆಯಲ್ಲಿ ಶಾಖ ಮತ್ತು ತೇವಾಂಶವನ್ನು ತಿಳಿಸುವ ಮಾಪಕಗಳನ್ನೂ ಇಡುವ ರೂಢಿಯು ಹಬ್ಬುತ್ತಿದೆ.

ಆದರೆ ಒಂದು ತೊಂದರೆಯು ಬಹುತೇಕ ಎಲ್ಲ ತೋಟದ ಮನೆಗಳಲ್ಲಿಯೂ ಕಂಡುಬರುತ್ತದೆ. ಹೊರಗಿನಿಂದ ಬರುವ ಸಂಪರ್ಕದ ತಂತು ಜಗಲಿಯ ಗೋಡೆಯವರೆಗೆ ಬಂದು ಅಲ್ಲಿ ಒಂದು ಪೆಟ್ಟಿಗೆಯಲ್ಲಿ ಮುಗಿಯುತ್ತದೆ. ಆ ಪೆಟ್ಟಿಗೆಯಿಂದ ಹೊರಡುವ ನಿಸ್ತಂತು ಅಲೆಗಳು ನಡುಮನೆಯಲ್ಲಿ ಚೆನ್ನಾಗಿ ದೊರೆತು, ಅಡಿಗೆಮನೆಯಲ್ಲಿ ಕ್ಷೀಣಿಸಿ, ಅಡಿಕೆ ಒಣಗಿಸುವ ಅಂಗಳದಲ್ಲಿಯೂ ಪಂಪುಮನೆಯಲ್ಲಿಯೂ ಸಿಕ್ಕುವುದೇ ಇಲ್ಲ. ಆಗ ಮನೆಯ ಯಜಮಾನರು ತಾಲ್ಲೂಕು ಪೇಟೆಗೆ ಹೋಗಿ, "ಇನ್ನೊಂದು ವೈಫೈ ರೂಟರು ಕೊಡಿ" ಎಂದು ಕೇಳಿ ತಂದು, ಮೊದಲನೆಯದಕ್ಕೆ ತಂತಿಯಿಂದ ಸೇರಿಸುತ್ತಾರೆ. ಅಲೆಗಳೇನೋ ಅಂಗಳದವರೆಗೂ ಬರುತ್ತವೆ. ಆದರೆ ಕ್ಯಾಮರಾದ ಚಿತ್ರವು ಮನೆಯ ಫೋನಿಗೆ ಸಿಕ್ಕುವುದಿಲ್ಲ, ಅಥವಾ ಒಂದು ದಿವಸ ಸಿಕ್ಕಿ ಮರುದಿವಸ ನಿಂತುಹೋಗುತ್ತದೆ. ಕಾವಲಿದೆಯೆಂದು ನಂಬಿ ಮಲಗಿದ ರಾತ್ರಿಯೇ ಕಾವಲಿಲ್ಲದಂತಾಗುವ ಸಂಭವವಿದೆ. ಯಂತ್ರವು ಕೆಟ್ಟದ್ದೆಂದು ಅಂಗಡಿಗೆ ಹಿಂದಿರುಗಿಸಿ ಮತ್ತೊಂದನ್ನು ತಂದರೂ ಫಲವು ಅದೇ. ಏಕೆಂದರೆ ದೋಷವು ಯಂತ್ರದಲ್ಲಿರುವುದಿಲ್ಲ. ಆಕ್ಸೆಸ್ ಪಾಯಿಂಟು ಬೇಕಾದ ಸ್ಥಳದಲ್ಲಿ ರೂಟರನ್ನು ಇಟ್ಟಿರುವುದೇ ಇದಕ್ಕೆಲ್ಲ ಕಾರಣ.

ಇವೆರಡರ ಭೇದವನ್ನು ತಿಳಿಯುವುದಕ್ಕೆ ನಮ್ಮ ಕೆರೆ ಬಯಲುಗಳ ಏರ್ಪಾಡನ್ನು ನೆನೆಸಿಕೊಂಡರೆ ಸಾಕು. ತೂಬಿನಿಂದ ಬಂದ ನೀರು ಯಾರ ಗದ್ದೆಗೆ ಎಷ್ಟು ಹೊತ್ತು ಹೋಗಬೇಕೆಂಬುದನ್ನು ನೀರುಗಂಟಿಯು ನಿರ್ಣಯಿಸುತ್ತಾನೆ. ಕಾಲುವೆಗೆ ಈ ನಿರ್ಣಯದ ಗೊಡವೆಯಿಲ್ಲ. ತನ್ನೊಳಗೆ ಬಿಟ್ಟ ನೀರನ್ನು ಮುಂದಕ್ಕೆ ಒಯ್ಯುವುದಷ್ಟೇ ಅದರ ಕೆಲಸ. ರೂಟರು ನೀರುಗಂಟಿಯ ಸ್ಥಾನದಲ್ಲಿದೆ. ಆಕ್ಸೆಸ್ ಪಾಯಿಂಟು ಕಾಲುವೆಯ ಸ್ಥಾನದಲ್ಲಿದೆ.

ರೂಟರಿನ ಕೆಲಸವನ್ನು ಸ್ವಲ್ಪ ವಿಸ್ತಾರವಾಗಿ ನೋಡಬೇಕು. ಅಂತರ್ಜಾಲದಲ್ಲಿ ಸೇರಿದ ಪ್ರತಿಯೊಂದು ಯಂತ್ರಕ್ಕೂ ಒಂದು ಅಂಕೆಯ ವಿಳಾಸವಿರಬೇಕು. ಮೊದಲು ಗೊತ್ತುಮಾಡಿದ ಪದ್ಧತಿಯಲ್ಲಿ ಇಂಥ ವಿಳಾಸಗಳು ಸುಮಾರು ೪೩೦ ಕೋಟಿ ಮಾತ್ರ ಸಾಧ್ಯ. ಈ ಸಂಖ್ಯೆಯು ಸಾಲದೆಂಬುದು ೧೯೯೦ ರ ಸುಮಾರಿನಲ್ಲಿಯೇ ತಜ್ಞರಿಗೆ ಗೋಚರವಾಯಿತು. ೨೦೧೧ ರ ಫೆಬ್ರವರಿಯಲ್ಲಿ ಜಗತ್ತಿನ ಕೇಂದ್ರ ಭಂಡಾರದಲ್ಲಿದ್ದ ವಿಳಾಸಗಳ ಕೊನೆಯ ಕಂತುಗಳು ಹಂಚಿಹೋದುವು. ಕೊರತೆಯನ್ನು ತಾಳಿಕೊಳ್ಳುವುದಕ್ಕಾಗಿ ಮಾಡಿದ ಉಪಾಯವೇನೆಂದರೆ, ಒಂದು ಮನೆಗೆ ಹೊರಗಿನ ವಿಳಾಸ ಒಂದೇ ಇರುವುದು. ಮನೆಯೊಳಗಿನ ಯಂತ್ರಗಳಿಗೆ ಹೊರಗೆ ಸಲ್ಲದ ಖಾಸಗಿ ವಿಳಾಸಗಳನ್ನು ಕೊಡುವುದು. ೧೯೨.೧೬೮ ಎಂದು ಮೊದಲಾಗುವ ಅಂಕೆಗಳು ಇಂಥ ಖಾಸಗಿ ವಿಳಾಸಗಳೇ. ಲಕ್ಷಾಂತರ ಮನೆಗಳಲ್ಲಿ ಇವೇ ಅಂಕೆಗಳಿದ್ದರೂ ಬಾಧಕವಿಲ್ಲ. ಎಲ್ಲ ಊರುಗಳಲ್ಲಿಯೂ ಒಂದನೆಯ ನಂಬರಿನ ಮನೆ ಇರುವಂತೆಯೇ ಇದು.

ಒಳಗಿನ ವಿಳಾಸಕ್ಕೂ ಹೊರಗಿನ ವಿಳಾಸಕ್ಕೂ ನಡುವೆ ನಿಂತು, ಹೊರಗೆ ಹೋಗುವ ಪ್ರತಿಯೊಂದು ಸಂದೇಶದ ಮೇಲೂ ಒಳವಿಳಾಸವನ್ನು ಅಳಿಸಿ ಹೊರವಿಳಾಸವನ್ನು ಬರೆದು, ಉತ್ತರ ಬಂದಾಗ ಅದು ಮನೆಯಲ್ಲಿ ಯಾರಿಗೆ ಸೇರಬೇಕೆಂಬುದನ್ನು ತನ್ನ ಖಾತೆಯಲ್ಲಿ ನೋಡಿ ಒಪ್ಪಿಸತಕ್ಕದ್ದು ರೂಟರು. ಕರೆಯದೆ ಹೊರಗಿನಿಂದ ಬರುವ ಸಂದೇಶಗಳನ್ನು ಬಾಗಿಲಲ್ಲಿಯೇ ತಡೆಯುವುದೂ ಇದೇ. ಮನೆಯೊಳಕ್ಕೆ ಹೊಸದಾಗಿ ಬಂದ ಫೋನಿಗೆ ಖಾಸಗಿ ವಿಳಾಸವನ್ನು ಹಂಚುವ ಕೆಲಸವೂ ಸಾಮಾನ್ಯವಾಗಿ ಇದರದೇ. ಈ ಹಂಚಿಕೆಯನ್ನು ಡಿಎಚ್‌ಸಿಪಿ ಎಂದು ಕರೆಯುತ್ತಾರೆ. ವಿಳಾಸವು ಯಂತ್ರಕ್ಕೆ ಶಾಶ್ವತವಾಗಿ ಸೇರುವುದಿಲ್ಲ. ಗೊತ್ತಾದ ಅವಧಿಗೆ ಕೊಟ್ಟು, ಅವಧಿ ತೀರುತ್ತ ಬಂದಾಗ ನವೀಕರಿಸುವುದುಂಟು. ನಮ್ಮ ರೈತರಿಗೆ ಗೇಣಿಯ ಪದ್ಧತಿಯು ಚೆನ್ನಾಗಿ ಗೊತ್ತಿರುವುದರಿಂದ ಇದನ್ನು ಹೆಚ್ಚು ವಿವರಿಸಬೇಕಾದದ್ದಿಲ್ಲ. ಈ ಶಾಸ್ತ್ರದವರೂ ಅದಕ್ಕೆ ಗೇಣಿಯೆಂಬ ಅರ್ಥದ ಮಾತನ್ನೇ ಉಪಯೋಗಿಸುತ್ತಾರೆ.

ಆಕ್ಸೆಸ್ ಪಾಯಿಂಟು ಇವುಗಳಲ್ಲಿ ಯಾವುದನ್ನೂ ಮಾಡತಕ್ಕದ್ದಲ್ಲ. ತಂತಿಯಲ್ಲಿ ಬಂದದ್ದನ್ನು ಅಲೆಗಳಾಗಿ ಬಿಡುವುದು, ಅಲೆಗಳಲ್ಲಿ ಬಂದದ್ದನ್ನು ತಂತಿಗೆ ಸೇರಿಸುವುದು, ಗುಪ್ತಪದವನ್ನು ಹೇಳಿದವರನ್ನು ಮಾತ್ರ ಒಳಗೆ ಬಿಡುವುದು, ಇಷ್ಟೇ ಅದರ ಕೆಲಸ. ಅದರ ಮೂಲಕ ಸೇರಿದ ಫೋನಿಗೆ ವಿಳಾಸವನ್ನು ಕೊಡತಕ್ಕದ್ದು ಜಗಲಿಯಲ್ಲಿರುವ ರೂಟರೇ. ಆದಕಾರಣ ಅಂಗಳದಲ್ಲಿರುವ ಯಂತ್ರವೂ ನಡುಮನೆಯಲ್ಲಿರುವ ಯಂತ್ರವೂ ಒಂದೇ ಕೂಡುಕುಟುಂಬದವುಗಳಂತೆ ಒಂದನ್ನೊಂದು ಕಾಣಬಲ್ಲವು. ಆದರೆ ರೂಟರೇ ಇಲ್ಲದ ಮನೆಗೆ ಆಕ್ಸೆಸ್ ಪಾಯಿಂಟನ್ನು ಮಾತ್ರ ತಂದಿಟ್ಟರೆ, ನೀರುಗಂಟಿಯಿಲ್ಲದ ಬಯಲಿನಲ್ಲಿ ಕಾಲುವೆ ತೋಡಿದಂತಾಗುವುದೆಂಬುದನ್ನೂ ಮರೆಯಬಾರದು.

ಹೀಗೆ ಎರಡೂ ಬೇರೆಬೇರೆಯಾಗಿರುವಲ್ಲಿ ಜನರು ಒಂದೇ ಎಂದು ತಿಳಿಯುವುದಕ್ಕೆ ಕಾರಣವಿಲ್ಲದೆ ಇಲ್ಲ. ನಿಸ್ತಂತು ಅಲೆಗಳ ಮೂಲಕ ಗಣಕಯಂತ್ರಗಳನ್ನು ಜೋಡಿಸುವ ಪ್ರಯತ್ನವು ೧೯೭೧ ರಲ್ಲಿಯೇ ಹವಾಯಿ ವಿಶ್ವವಿದ್ಯಾನಿಲಯದಲ್ಲಿ, ನಾರ್ಮನ್ ಏಬ್ರಮ್‌ಸನ್ ಎಂಬ ಪ್ರಾಧ್ಯಾಪಕರ ನೇತೃತ್ವದಲ್ಲಿ ಫಲಿಸಿತು. ಸಮುದ್ರದ ನಡುವಣ ದ್ವೀಪಗಳಿಗೆ ತಂತಿಯನ್ನು ಎಳೆಯುವ ಕಷ್ಟವೇ ಆ ಪ್ರಯತ್ನಕ್ಕೆ ಪ್ರೇರಕವಾಯಿತು. ವೈಫೈಗೆ ಆಧಾರವಾದ ನಿಯಮಾವಳಿಯು ೧೯೯೭ ರಲ್ಲಿ ಪ್ರಕಟವಾಯಿತು. ಮೊದಮೊದಲು ಕಛೇರಿ ಕಾರ್ಖಾನೆಗಳಲ್ಲಿ ರೂಟರು ಒಂದು ಕೊಠಡಿಯಲ್ಲಿಯೂ, ಆಕ್ಸೆಸ್ ಪಾಯಿಂಟುಗಳು ಬೇಕಾದೆಡೆಗಳಲ್ಲಿಯೂ ಪ್ರತ್ಯೇಕವಾಗಿರುತ್ತಿದ್ದುವು; ದೊಡ್ಡ ಸಂಸ್ಥೆಗಳಲ್ಲಿ ಈಗಲೂ ಹಾಗೆಯೇ. ಮನೆಗಳಿಗಾದರೋ ಅಗ್ಗದಲ್ಲಿ ಎಲ್ಲವೂ ಒಂದರಲ್ಲಿಯೇ ಬೇಕಾಗಿತ್ತು. ೧೯೯೯ ರಲ್ಲಿ ಆಪಲ್ ಕಂಪೆನಿಯು ತನ್ನ ಏರ್‌ಪೋರ್ಟ್ ಎಂಬ ಯಂತ್ರವನ್ನೂ, ೨೦೦೨ ರ ಕೊನೆಯಲ್ಲಿ ಲಿಂಕ್‌ಸಿಸ್ ಕಂಪೆನಿಯು ರೂಟರು, ತಂತಿಗಳನ್ನು ಕೂಡಿಸುವ ಸ್ವಿಚ್ಚು, ಆಕ್ಸೆಸ್ ಪಾಯಿಂಟು ಮೂರನ್ನೂ ಒಳಗೊಂಡ ಒಂದು ನೀಲಿ ಪೆಟ್ಟಿಗೆಯನ್ನೂ ಹೊರತಂದುವು. ಈಗ ಗಾಜಿನ ತಂತುವಿನ ಸಂಪರ್ಕ ಕೊಡುವವರು ತಂದಿಡುವ ಪೆಟ್ಟಿಗೆಯಲ್ಲಿ ಇವು ಮೂರರ ಜೊತೆಗೆ, ಬೆಳಕನ್ನು ವಿದ್ಯುತ್ ಸಂಜ್ಞೆಯಾಗಿ ಮಾರ್ಪಡಿಸುವ ನಾಲ್ಕನೆಯ ಅಂಗವೂ ಇರುತ್ತದೆ. ಒಂದೇ ಚಾವಣಿಯ ಕೆಳಗೆ ಅಕ್ಕಿ ಗಿರಣಿ, ಹಿಟ್ಟಿನ ಗಿರಣಿ, ಎಣ್ಣೆಯ ಗಾಣ ಎಲ್ಲವೂ ಇದ್ದರೆ ಊರಿನವರು ಎಲ್ಲವನ್ನೂ ಸೇರಿಸಿ "ಮಿಲ್ಲು" ಎನ್ನುವಂತೆ, ಈ ಇಡೀ ಪೆಟ್ಟಿಗೆಗೆ ರೂಟರೆಂಬ ಹೆಸರು ನಿಂತಿದೆ. ಹೆಸರಿನಿಂದ ಹಾನಿಯಿಲ್ಲ. ಆದರೆ ಎಣ್ಣೆಯ ಗಾಣವೊಂದೇ ಬೇಕಾದವರು ಇಡೀ ಮಿಲ್ಲನ್ನು ಕೊಂಡುತಂದು ಎಂಜಿನ್ನನ್ನೂ ಓಡಿಸಹೊರಟರೆ ತೊಂದರೆ ತಪ್ಪದು.

ಎರಡನೆಯ ರೂಟರನ್ನು ಸೇರಿಸಿದಾಗ ನಡೆಯುವುದೇನು? ಇದು ತಂತಿಯನ್ನು ಯಾವ ತೂತಿಗೆ ಸಿಕ್ಕಿಸಿದರೆಂಬುದರ ಮೇಲಿದೆ. ಪೆಟ್ಟಿಗೆಯ ಹಿಂಭಾಗದಲ್ಲಿ ವ್ಯಾನ್ ಎಂದು ಬರೆದ ತೂತು ಒಂದು ಇರುತ್ತದೆ. ಬಹಳ ವೇಳೆ ಅದರ ಬಣ್ಣವೇ ಬೇರೆ. ಲ್ಯಾನ್ ಎಂದು ಬರೆದವು ಹಲವಿರುತ್ತವೆ. ಮೊದಲ ರೂಟರಿನಿಂದ ಬಂದ ತಂತಿಯನ್ನು ಎರಡನೆಯದರ ವ್ಯಾನ್ ತೂತಿಗೆ ಸೇರಿಸಿದರೆ, ಎರಡನೆಯ ರೂಟರು ತನ್ನ ಹಿಂದೆ ಇನ್ನೊಂದು ಪ್ರತ್ಯೇಕ ಸಂಸಾರವನ್ನು ಹೂಡುತ್ತದೆ. ಅದರೊಳಗಿನ ಕ್ಯಾಮರಾ ಹೊರಗಿನ ಲೋಕಕ್ಕೆ ಸಂದೇಶ ಕಳುಹಿಸಬಲ್ಲುದು. ಆದರೆ ನಡುಮನೆಯ ಫೋನು ಅದನ್ನು ನೇರವಾಗಿ ಹುಡುಕಿದರೆ, ಎರಡನೆಯ ರೂಟರು ಅದನ್ನು ಪರರ ಸಂದೇಶವೆಂದೇ ಭಾವಿಸಿ ತಡೆಯುತ್ತದೆ. ಕಂಪೆನಿಯ ದೂರದ ಭಂಡಾರದ ಮೂಲಕ ಚಿತ್ರವನ್ನು ತೋರಿಸುವ ಕ್ಯಾಮರಾಗಳು ಈ ಸ್ಥಿತಿಯಲ್ಲಿಯೂ ಕೆಲಸ ಮಾಡುವುದುಂಟು. ಆದಕಾರಣ ಕೆಲವರ ಮನೆಯಲ್ಲಿ ನಡೆದದ್ದು ಪಕ್ಕದವರ ಮನೆಯಲ್ಲಿ ನಡೆಯುವುದಿಲ್ಲ. ಹೊರಗಿನ ಸಂಪರ್ಕವು ಕಡಿದುಹೋದಾಗ ಅವೂ ಹೀಗೆ ನಡುಮನೆಗೆ ಕಾಣದಾಗುತ್ತವೆ.

ತಂತಿಯನ್ನು ಲ್ಯಾನ್ ತೂತಿಗೆ ಸೇರಿಸಿ, ಮತ್ತೇನನ್ನೂ ಬದಲಾಯಿಸದೆ ಬಿಟ್ಟರೆ ಪರಿಣಾಮವು ಇನ್ನೂ ಕೆಟ್ಟದ್ದು. ಆಗ ಒಂದೇ ಬಯಲಿಗೆ ಇಬ್ಬರು ನೀರುಗಂಟಿಗಳಾಗುತ್ತಾರೆ. ಹೊಸದಾಗಿ ಸೇರುವ ಫೋನು ವಿಳಾಸ ಕೊಡಿರೆಂದು ಕೂಗಿದಾಗ ಇಬ್ಬರೂ ಉತ್ತರ ಕೊಡುತ್ತಾರೆ. ಸಾಮಾನ್ಯವಾಗಿ ಯಾರ ಉತ್ತರವು ಮೊದಲು ಬಂದಿತೋ ಅದನ್ನು ಫೋನು ಒಪ್ಪುತ್ತದೆ. ಮೊದಲ ರೂಟರಿನ ಉತ್ತರವು ಸಿಕ್ಕಿದರೆ ಎಲ್ಲವೂ ಸರಿ. ಎರಡನೆಯದರ ಉತ್ತರವು ಸಿಕ್ಕಿದರೆ, ಹೊರಗೆ ಹೋಗಬೇಕಾದ ಸಂದೇಶಗಳನ್ನು ತನಗೇ ಒಪ್ಪಿಸಬೇಕೆಂದು ಅದು ಹೇಳಿರುತ್ತದೆ. ಅದಕ್ಕೋ ಹೊರಗೆ ದಾರಿಯೇ ಇಲ್ಲ. ಬತ್ತಿದ ತೂಬಿನ ಮುಂದೆ ಕಾದು ನಿಂತಂತಾಗುತ್ತದೆ. ಗೇಣಿಯ ಅವಧಿ ಮುಗಿದಾಗಲೋ ವಿದ್ಯುತ್ತು ಹೋಗಿ ಬಂದಾಗಲೋ ಹಂಚಿಕೆಯು ಬದಲಾಗಿ, ನಿನ್ನೆ ನಡೆಯುತ್ತಿದ್ದದ್ದು ಇಂದು ನಿಲ್ಲುತ್ತದೆ. ಇದಲ್ಲದೆ ಎರಡು ಪೆಟ್ಟಿಗೆಗಳೂ ಒಂದೇ ಕಂಪೆನಿಯವಾದರೆ ಎರಡಕ್ಕೂ ತಯಾರಾದಾಗಲೇ ಕೊಟ್ಟ ವಿಳಾಸವು ೧೯೨.೧೬೮.೧.೧ ಎಂದೋ ೧೯೨.೧೬೮.೦.೧ ಎಂದೋ ಒಂದೇ ಆಗಿರುವುದು ಸಾಮಾನ್ಯ. ಒಂದೇ ನಂಬರನ್ನು ಎರಡು ಮನೆಗಳಿಗೆ ಹಾಕಿದರೆ ಅಂಚೆಯವನಿಗೆ ಆಗುವ ಅವಸ್ಥೆಯೇ ಇಲ್ಲಿಯೂ ಆಗುತ್ತದೆ. ಯಾವ ದೋಷವು ಸದಾ ಇರುವುದೋ ಅದನ್ನು ಹುಡುಕುವುದು ಸುಲಭ. ಹೀಗೆ ಬಂದುಹೋಗುವ ದೋಷವು ಮನುಷ್ಯನನ್ನು ಬಹಳ ದಣಿಸುತ್ತದೆ.

ಈಗಾಗಲೇ ಎರಡನೆಯ ರೂಟರನ್ನು ಕೊಂಡಿರುವವರು ಅದನ್ನು ಬಿಸಾಡಬೇಕಾಗಿಲ್ಲ. ಈಚಿನ ಅನೇಕ ರೂಟರುಗಳ ವ್ಯವಸ್ಥೆಯ ಪುಟದಲ್ಲಿ ಆಕ್ಸೆಸ್ ಪಾಯಿಂಟ್ ಮೋಡ್ ಎಂಬ ಆಯ್ಕೆಯಿರುತ್ತದೆ. ಅದನ್ನು ಒತ್ತಿದರೆ ರೂಟರಿನ ಕೆಲಸಗಳೆಲ್ಲವೂ ತಾವಾಗಿಯೇ ನಿಂತು ಕಾಲುವೆಯ ಕೆಲಸವೊಂದೇ ಉಳಿಯುತ್ತದೆ. ಆ ಆಯ್ಕೆಯಿಲ್ಲದ ಹಳೆಯ ಪೆಟ್ಟಿಗೆಯಾದರೆ, ಅದನ್ನು ಮೊದಲ ರೂಟರಿಗೆ ಸೇರಿಸುವುದಕ್ಕೆ ಮುಂಚೆಯೇ ಒಂಟಿಯಾಗಿಟ್ಟುಕೊಂಡು, ಅದರ ಸ್ವಂತ ವಿಳಾಸವನ್ನು ಬದಲಾಯಿಸಬೇಕು. ಮೊದಲ ರೂಟರಿನದು ೧೯೨.೧೬೮.೧.೧ ಆಗಿದ್ದರೆ ಇದಕ್ಕೆ ೧೯೨.೧೬೮.೧.೨ ಎಂದು ಕೊಡಬಹುದು. ಆದರೆ ಆ ಅಂಕೆಯು ಮೊದಲ ರೂಟರು ಇತರರಿಗೆ ಹಂಚುವ ಅಂಕೆಗಳ ಸಾಲಿನಲ್ಲಿ ಇರಕೂಡದು. ಅನಂತರ ಡಿಎಚ್‌ಸಿಪಿಯನ್ನು ನಿಲ್ಲಿಸತಕ್ಕದ್ದು. ಆಮೇಲೆ ಮೊದಲನೆಯದರ ಲ್ಯಾನ್ ತೂತಿನಿಂದ ಎರಡನೆಯದರ ಲ್ಯಾನ್ ತೂತಿಗೆ ತಂತಿಯನ್ನು ಹಾಕಿ, ವ್ಯಾನ್ ತೂತನ್ನು ಖಾಲಿ ಬಿಡಬೇಕು. ಎರಡೂ ಕಡೆ ವೈಫೈಯ ಹೆಸರನ್ನೂ ಗುಪ್ತಪದವನ್ನೂ ಒಂದೇ ಆಗಿಟ್ಟರೆ, ಕೈಯಲ್ಲಿ ಫೋನು ಹಿಡಿದು ನಡುಮನೆಯಿಂದ ಅಂಗಳಕ್ಕೆ ಹೋದವರಿಗೆ ಪ್ರತಿಸಲವೂ ಬದಲಾಯಿಸುವ ಶ್ರಮವಿರುವುದಿಲ್ಲ. ಕೆಲವು ಫೋನುಗಳು ಬಲಹೀನವಾದ ಹಳೆಯ ಅಲೆಯನ್ನೇ ಬಿಡದೆ ಹಿಡಿದುಕೊಂಡಿರುವುದುಂಟು. ಅದು ಫೋನಿನ ಸ್ವಭಾವ.

ಹೊಸದಾಗಿ ಕೊಳ್ಳುವವರು ಅಂಗಡಿಯಲ್ಲಿ "ಹೊರಾಂಗಣಕ್ಕೆ ಯೋಗ್ಯವಾದ ಆಕ್ಸೆಸ್ ಪಾಯಿಂಟು" ಎಂದೇ ಹೆಸರಿಸಿ ಕೇಳತಕ್ಕದ್ದು. ಮಳೆ ಧೂಳುಗಳನ್ನು ತಡೆಯುವಂತೆ ಮುಚ್ಚಿದ, ಸಂದೇಶದ ತಂತಿಯಲ್ಲಿಯೇ ವಿದ್ಯುತ್ತನ್ನೂ ಪಡೆಯಬಲ್ಲ ಯಂತ್ರಗಳು ದೊರೆಯುತ್ತವೆ. ಈ ಬಗೆಯ ವಿದ್ಯುತ್ ಪೂರೈಕೆಗೆ ೨೦೦೩ ರಲ್ಲಿ ನಿಯಮವಾಗಿದ್ದು, ಕಂಬದ ಮೇಲೋ ಸೂರಿನ ತುದಿಯಲ್ಲೋ ಬೇರೆ ಪ್ಲಗ್ಗು ಇಡುವ ಅವಶ್ಯಕತೆಯನ್ನು ಅದು ತಪ್ಪಿಸಿದೆ. ಎಂಟು ಕೊಂಬುಗಳುಳ್ಳ ದೊಡ್ಡ ರೂಟರೊಂದನ್ನು ತಂದರೆ ಇಡೀ ತೋಟಕ್ಕೆ ಸಾಕೆಂದು ಮಾರುವವರು ಹೇಳಿದರೆ ನಂಬಬಾರದು. ಸಂಭಾಷಣೆಯು ಎರಡು ಕಡೆಯಿಂದಲೂ ನಡೆಯಬೇಕು. ಪೆಟ್ಟಿಗೆಯು ಎಷ್ಟು ಗಟ್ಟಿಯಾಗಿ ಕೂಗಿದರೂ, ಬ್ಯಾಟರಿಯಿಂದ ನಡೆಯುವ ಫೋನಿನ ಮೆಲುದನಿಯು ಹಿಂದಿರುಗಿ ತಲಪದಿದ್ದರೆ ಪ್ರಯೋಜನವಿಲ್ಲ.

ತಂತಿಯಿಲ್ಲದೆಯೇ ಅಲೆಯನ್ನು ಹಿಡಿದು ಮತ್ತೆ ಬಿಡುವ ರಿಪೀಟರುಗಳೂ ಇವೆ. ಇವುಗಳ ಬೆಲೆ ಕಡಿಮೆ. ಆದರೆ ಒಂದೇ ರೇಡಿಯೋ ಇರುವ ರಿಪೀಟರು ಕೇಳಿದ್ದನ್ನೆಲ್ಲ ಅದೇ ದಾರಿಯಲ್ಲಿ ಇನ್ನೊಮ್ಮೆ ಹೇಳಬೇಕಾದುದರಿಂದ ವೇಗವು ಸುಮಾರು ಅರ್ಧಕ್ಕೆ ಇಳಿಯುತ್ತದೆ. ಧಾರಣೆ ನೋಡುವುದಕ್ಕೆ ಅಷ್ಟು ಸಾಕು, ನಾಲ್ಕು ಕ್ಯಾಮರಾಗಳಿಗೆ ಸಾಲದು.

ತೋಟದಲ್ಲಿ ಅಲೆಗಳ ನಡತೆಯು ಪೇಟೆಯ ಮನೆಯಲ್ಲಿದ್ದಂತೆ ಇರುವುದಿಲ್ಲ. ವೈಫೈಗೆ ಉಪಯೋಗಿಸುವ ಅಲೆಗಳಲ್ಲಿ ೨.೪ ಗಿಗಾಹರ್ಟ್ಸಿನವುಗಳ ಉದ್ದ ಸುಮಾರು ೫ ಅಂಗುಲ, ೫ ಗಿಗಾಹರ್ಟ್ಸಿನವುಗಳದು ಸುಮಾರು ಎರಡೂಕಾಲು ಅಂಗುಲ. ಮೊದಲನೆಯವು ಅಡ್ಡಿಗಳನ್ನು ಹಾಯ್ದು ಹೆಚ್ಚು ದೂರ ಹೋಗುತ್ತವೆ. ಎರಡನೆಯವುಗಳಲ್ಲಿ ವೇಗ ಹೆಚ್ಚು, ವ್ಯಾಪ್ತಿ ಕಡಿಮೆ. ಎರಡನ್ನೂ ನೀರು ಹೀರುತ್ತದೆ. ಆದಕಾರಣ ಬಾಳೆ, ಅಡಿಕೆ, ಮೆಣಸಿನ ಬಳ್ಳಿಗಳು ದಟ್ಟವಾಗಿ ಬೆಳೆದ ತೋಟವು ಬೇಸಗೆಯಲ್ಲಿಯೇ ಅಲೆಗಳನ್ನು ತಡೆಯುವುದು. ಮಳೆಗಾಲದಲ್ಲಿ ನೆನೆದ ಎಲೆಗಳ ಮರೆಯಿಂದ ಇನ್ನೂ ಹೆಚ್ಚು. ಮಾರ್ಚಿ ತಿಂಗಳಲ್ಲಿ ಪರೀಕ್ಷಿಸಿ ಸರಿಯಾಗಿದೆಯೆಂದು ಬಿಟ್ಟದ್ದು ಆಷಾಢದಲ್ಲಿ ಕೆಲಸಮಾಡದಿದ್ದರೆ ಆಶ್ಚರ್ಯಪಡಬೇಕಾದದ್ದಿಲ್ಲ. ತಗಡಿನ ಚಾವಣಿಯು ಅಲೆಗಳನ್ನು ಕನ್ನಡಿಯಂತೆ ಹಿಂದಕ್ಕೆ ಕಳುಹಿಸುತ್ತದೆ. ಅಡಿಕೆ ಒಣಗಿಸುವುದಕ್ಕೆ ಹಾಕಿದ ಪಾಲಿಥೀನ್ ಹಾಳೆಯ ಮನೆಯಾದರೋ ಅವುಗಳಿಗೆ ಅಡ್ಡಿಯಾಗುವುದಿಲ್ಲ. ಅಗ್ಗದ ಕ್ಯಾಮರಾಗಳಲ್ಲಿಯೂ ಮಾಪಕಗಳಲ್ಲಿಯೂ ಬಹಳಷ್ಟು ೨.೪ ಗಿಗಾಹರ್ಟ್ಸನ್ನು ಮಾತ್ರ ತಿಳಿಯಬಲ್ಲವಾದುದರಿಂದ ಅದನ್ನು ನಿಲ್ಲಿಸಿಬಿಡಬಾರದು. ಆ ಪಟ್ಟಿಯಲ್ಲಿ ಒಂದನ್ನೊಂದು ಕದಡದ ದಾರಿಗಳು ೧, ೬, ೧೧ ಎಂಬ ಮೂರೇ. ಮನೆಯ ಪೆಟ್ಟಿಗೆಗೆ ೧ ನ್ನೂ ಅಂಗಳದ್ದಕ್ಕೆ ೬ ನ್ನೂ ಕೊಡುವುದು ಉತ್ತಮ.

ಹಿಂದೆ ಮನೆಯಲ್ಲಿ ರೇಡಿಯೋ ಕೇಳುವುದಕ್ಕೂ ಲೈಸೆನ್ಸು ಬೇಕಾಗಿದ್ದುದನ್ನು ವೃದ್ಧರು ಬಲ್ಲರು. ವೈಫೈಗೆ ಅದು ಬೇಕಿಲ್ಲ. ೨.೪ ಗಿಗಾಹರ್ಟ್ಸಿನ ಪಟ್ಟಿಯನ್ನು ೨೦೦೫ ರಲ್ಲಿಯೂ, ೫ ಗಿಗಾಹರ್ಟ್ಸಿನ ಹೆಚ್ಚಿನ ಭಾಗವನ್ನು ಹೊರಾಂಗಣಕ್ಕೂ ಅನ್ವಯಿಸುವಂತೆ ೨೦೧೮ ರಲ್ಲಿಯೂ ಭಾರತ ಸರ್ಕಾರವು ನಿಯಮಿತ ಶಕ್ತಿಗೆ ಒಳಪಟ್ಟು ಲೈಸೆನ್ಸಿನಿಂದ ಬಿಡುಗಡೆ ಮಾಡಿದೆ.

ಆಕ್ಸೆಸ್ ಪಾಯಿಂಟಿಗೆ ತಂತಿಯನ್ನು ಎಳೆಯುವ ಕೆಲಸವೇ ತೋಟಗಳಲ್ಲಿ ನಿಜವಾದ ಖರ್ಚಿನ ಭಾಗ. ಸಾಮಾನ್ಯವಾದ ತಾಮ್ರದ ಈಥರ್ನೆಟ್ ತಂತಿಯು ೧೦೦ ಮೀಟರಿಗೆ, ಎಂದರೆ ಸುಮಾರು ೩೨೮ ಅಡಿಗೆ ಮೀರಕೂಡದೆಂದು ನಿಯಮ. ಪಂಪುಮನೆಯು ಅದಕ್ಕಿಂತ ದೂರವಿದ್ದರೆ ಗಾಜಿನ ತಂತುವನ್ನು ಎಳೆದು ಎರಡು ತುದಿಗಳಲ್ಲಿಯೂ ಪರಿವರ್ತಕಗಳನ್ನು ಇಡಬಹುದು. ಅದು ಮೈಲಿಗಟ್ಟಲೆ ಹೋಗಬಲ್ಲುದು. ನಡುವೆ ಕಣಿವೆಯಿದ್ದು ಎರಡು ಕಡೆಗಳೂ ಪರಸ್ಪರ ಕಣ್ಣಿಗೆ ಕಾಣುವಂತಿದ್ದರೆ, ಒಂದನ್ನೊಂದು ದಿಟ್ಟಿಸುವ ಜೋಡಿ ನಿಸ್ತಂತು ಯಂತ್ರಗಳಿಂದಲೂ ಕೆಲಸವಾಗುತ್ತದೆ. ಮೋಟಾರಿನ ವಿದ್ಯುತ್ ತಂತಿಯ ಕೊಳವೆಯಲ್ಲಿಯೇ ಈಥರ್ನೆಟ್ ತಂತಿಯನ್ನೂ ತೂರಿಸುವುದು ಅಪಾಯಕರ. ಮೋಟಾರನ್ನು ದೂರದಿಂದ ನಡೆಸುವ ಸ್ಟಾರ್ಟರುಗಳಲ್ಲಿ ಸಿಮ್ ಕಾರ್ಡಿನಿಂದ ನಡೆಯತಕ್ಕವು ಬಹಳ. ಅವುಗಳಿಗೆ ರೂಟರೂ ಬೇಡ, ಆಕ್ಸೆಸ್ ಪಾಯಿಂಟೂ ಬೇಡ. ಕೊಳ್ಳುವ ಮೊದಲು ಇದನ್ನು ವಿಚಾರಿಸಿದರೆ ಪಂಪುಮನೆಯವರೆಗಿನ ತಂತಿಯ ಖರ್ಚೇ ಉಳಿಯಬಹುದು.

ಎರಡನೆಯ ರೂಟರು ನಿಜವಾಗಿಯೂ ಬೇಕಾಗುವ ಸಂದರ್ಭಗಳೂ ಇಲ್ಲದಿಲ್ಲ. ಮಲೆನಾಡು ಕೊಡಗುಗಳಲ್ಲಿ ಹೋಂಸ್ಟೇ ನಡೆಸುವವರು ಅತಿಥಿಗಳ ಫೋನುಗಳಿಗೆ ಮನೆಯ ಕ್ಯಾಮರಾಗಳೂ ಗಣಕಯಂತ್ರವೂ ಕಾಣದಂತೆ ಮಾಡಬೇಕಾಗುತ್ತದೆ. ಅಂಥಲ್ಲಿ ಪ್ರತ್ಯೇಕ ಸಂಸಾರವೇ ಗುಣ. ಆದರೆ ಎರಡನೆಯ ರೂಟರಿನ ಹಿಂದೆ ಇರುವವರು ಮೊದಲನೆಯದರ ಕಡೆಗೆ ದಾಟಿಬರಬಲ್ಲರಾದುದರಿಂದ, ಅತಿಥಿಗಳನ್ನು ಹಿಂದಿಡುವುದು ಸರಿಯಲ್ಲ. ಮೊದಲ ರೂಟರಿನಲ್ಲಿರುವ ಅತಿಥಿ ಜಾಲವೆಂಬ ಏರ್ಪಾಡನ್ನೇ ಉಪಯೋಗಿಸುವುದು ಸುಲಭವೂ ಕ್ಷೇಮಕರವೂ ಆಗಿದೆ.

ಗುಪ್ತಪದದ ರಕ್ಷಣೆಯಲ್ಲಿ ವೆಪ್ ಎಂಬ ಹಳೆಯ ಪದ್ಧತಿಯನ್ನು ಭೇದಿಸುವ ಬಗೆಯು ೨೦೦೧ ರಲ್ಲಿಯೇ ಬಯಲಾಗಿರುವುದರಿಂದ ಅದನ್ನು ಎಲ್ಲಿಯೂ ಇಡಕೂಡದು. ೨೦೦೪ ರ ಡಬ್ಲ್ಯುಪಿಎ೨ ಅಥವಾ ೨೦೧೮ ರ ಡಬ್ಲ್ಯುಪಿಎ೩ ಇರಬೇಕು. ಆಕ್ಸೆಸ್ ಪಾಯಿಂಟಾಗಿ ಮಾಡಿದ ಹಳೆಯ ರೂಟರಿನಲ್ಲಿ ಇದನ್ನು ಪ್ರತ್ಯೇಕವಾಗಿ ನೋಡಿಕೊಳ್ಳಬೇಕು. ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಲ ಬಾಗಿಲನ್ನು ತೆರೆದಿಟ್ಟಂತೆ, ಜಗಲಿಯಲ್ಲಿ ಹೊಸ ಪದ್ಧತಿಯೂ ಅಂಗಳದಲ್ಲಿ ಹಳೆಯದೂ ಇರುವ ಮನೆಗಳುಂಟು.

ಕಡೆಯದಾಗಿ ಸಿಡಿಲಿನ ವಿಷಯ. ಏಪ್ರಿಲ್ ಮೇ ತಿಂಗಳುಗಳ ಗುಡುಗು ಮಳೆಯಲ್ಲಿ ತೋಟದ ಮೇಲೆ ಹಾದುಹೋದ ತಾಮ್ರದ ತಂತಿಯು ಸಿಡಿಲಿನ ಹೊಡೆತವನ್ನು ನೇರವಾಗಿ ಮನೆಯೊಳಗೆ ತರಬಲ್ಲುದು. ಗಾಜಿನ ತಂತುವಿಗೆ ಈ ದೋಷವಿಲ್ಲವಾದರೂ, ಅದನ್ನು ತೂಗುಹಾಕುವುದಕ್ಕಾಗಿ ಜೊತೆಯಲ್ಲಿ ಉಕ್ಕಿನ ತಂತಿಯಿರುವ ಜಾತಿಯಾದರೆ ಅದೂ ನಿರಪಾಯವಲ್ಲ. ಮೋಡ ಕವಿದಾಗ ಪ್ಲಗ್ಗನ್ನು ಮಾತ್ರ ತೆಗೆದರೆ ಸಾಲದು, ಅಂಗಳದಿಂದ ಬರುವ ಈಥರ್ನೆಟ್ ತಂತಿಯನ್ನೂ ಪೆಟ್ಟಿಗೆಯಿಂದ ಬಿಡಿಸಿಡಬೇಕು. ಹೊರಗಿನ ಪೆಟ್ಟಿಗೆಗೆ ತಂತಿಯು ಕೆಳಗಿನಿಂದ ಪ್ರವೇಶಿಸುವಂತೆ ಮಾಡಿ, ಪ್ರವೇಶಿಸುವೆಡೆಯಲ್ಲಿ ಒಂದು ಬಾಗನ್ನು ಬಿಟ್ಟರೆ ಮಳೆಯ ನೀರು ತಂತಿಯನ್ನು ಹಿಡಿದು ಒಳಗೆ ಇಳಿಯುವುದಿಲ್ಲ. ಉಳಿದ ಸಂದುಗಳನ್ನು ಇರುವೆಯೂ ಹಲ್ಲಿಯೂ ನುಸುಳದಂತೆ ಮುಚ್ಚತಕ್ಕದ್ದು.